ಅನುರಣನದ ಯಾಥಾರ್ಥ್ಯ

ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರನ್ನೂ ಒಂದು ಮೈಕನ್ನೂ ಇಟ್ಟುಕೊಂಡು, ತಮ್ಮ ಹಾಡನ್ನು ತಾವೇ ಮುದ್ರಿಸಿ, ಅದಕ್ಕೆ ಶ್ರುತಿಯನ್ನೂ ತಾಳವಾದ್ಯಗಳನ್ನೂ ಹೊಂದಿಸಿ ಕೇಳುಗರಿಗೆ ಒಪ್ಪಿಸುವ ಗಾಯಕರು ಇಂದು ಊರೂರಿನಲ್ಲಿಯೂ ಇದ್ದಾರೆ. ಹೀಗೆ ಮುದ್ರಿತವಾದ ಕಂಠ ಮೊದಲು ಕೇಳುವಾಗ ಒಣಗಿದಂತೆ ತೋರುವುದು ಸಹಜ. ಏಕೆಂದರೆ ನಾವು ಸಂಗೀತವನ್ನು ಕೇಳಿ ಬೆಳೆದಿರುವುದು ಗೋಡೆ, ಕಂಬ, ಮಾಡುಗಳಿಂದ ಮರಳಿ ಬರುವ ನಾದದೊಡನೆ, ಮೈಕಿನ ಸಮೀಪದಲ್ಲಿ ಹಾಡಿದ ಧ್ವನಿಯಲ್ಲಿ ಆ ಮರಳಿಕೆ ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಸಂಗೀತದ ಸಾಫ್ಟ್‌ವೇರುಗಳಲ್ಲಿ ಎರಡು ಬಗೆಯ ಉಪಾಯಗಳುಂಟು. ಧ್ವನಿಯನ್ನು ಅನೇಕ ವಿಳಂಬಗಳ ಸುತ್ತಿನಲ್ಲಿ ಮತ್ತೆ ಮತ್ತೆ ತಿರುಗಿಸಿ ಅನುರಣನದ ಹೋಲಿಕೆಯನ್ನು ಲೆಕ್ಕದಿಂದ ಕಟ್ಟುವುದು ಒಂದು. ಇದಕ್ಕೆ ಆಲ್ಗಾರಿದಮಿಕ್ ರಿವರ್ಬ್ ಎಂದು ಹೆಸರು. ನಿಜವಾದ ಒಂದು ಸ್ಥಳದಲ್ಲಿ ಅಳೆದು ತಂದ ಅನುರಣನವನ್ನೇ ಧ್ವನಿಯ ಮೇಲೆ ಪ್ರಯೋಗಿಸುವುದು ಇನ್ನೊಂದು. ಇದು ಕನ್ವಲ್ಯೂಷನ್ ರಿವರ್ಬ್. ಈ ಎರಡನ್ನು ಕುರಿತು ಬಹುಮಂದಿಯಲ್ಲಿ ಬೇರೂರಿರುವ ಮತ ಇದು: ಮೊದಲನೆಯದು ಅನುಕರಣ, ಎರಡನೆಯದು ಸತ್ಯ, ಆದುದರಿಂದ ಪ್ರಸಿದ್ಧ ಸಭಾಂಗಣಗಳಲ್ಲಿ ಅಳೆದ ಕಡತಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಶ್ರೇಷ್ಠವಾದುದನ್ನು ಪ್ಲಗಿನ್ನಿನೊಳಕ್ಕೆ ತುಂಬಿದರೆ, ಗಾಯಕನು ಆ ಸಭಾಂಗಣದಲ್ಲಿಯೇ ಹಾಡಿದಂತಾಗುತ್ತದೆ. ಈ ಮತದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ಬೇರೆ ಬೇರೆಯಾಗಿ ಪರೀಕ್ಷಿಸಬೇಕಾದ ಹಲವು ಸಂಗತಿಗಳು ಅದರಲ್ಲಿ ಒಂದರೊಳಗೊಂದು ತೊಡರಿಕೊಂಡಿವೆ. ಅವನ್ನು ಬಿಡಿಸದ ಹೊರತು ರಿವರ್ಬನ್ನು ಅಳವಡಿಸುವ ಕಾರ್ಯವೇ ದಾರಿ ತಪ್ಪುತ್ತದೆ.

ಮೊದಲು ಆ ಮತಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸೋಣ. ಸಭಾಂಗಣವೊಂದರಲ್ಲಿ ಬಲೂನು ಒಡೆದಂಥ ಕ್ಷಣಮಾತ್ರದ ಸದ್ದನ್ನು ಮಾಡಿದರೆ, ಅಲ್ಲಿಟ್ಟ ಮೈಕಿಗೆ ಮೊದಲು ನೇರವಾದ ಧ್ವನಿ ತಲುಪುತ್ತದೆ. ಬಳಿಕ ಹತ್ತಿರದ ಗೋಡೆಗಳಿಂದ ಮರಳಿದ ಧ್ವನಿಗಳು ಬಿಡಿಬಿಡಿಯಾಗಿ ಬರುತ್ತವೆ. ಕೊನೆಗೆ ಒಂದನ್ನೊಂದು ಬೇರ್ಪಡಿಸಲಾಗದಷ್ಟು ದಟ್ಟವಾಗಿ ಹೆಣೆದುಕೊಂಡು ಕ್ರಮೇಣ ಕ್ಷೀಣಿಸುವ ನಾದಶೇಷ ಉಳಿಯುತ್ತದೆ. ಈ ಸಮಸ್ತ ವೃತ್ತಾಂತದ ದಾಖಲೆಗೆ ಇಂಪಲ್ಸ್ ರೆಸ್ಪಾನ್ಸ್ ಎಂದು ಹೆಸರು. ಯಾವ ಧ್ವನಿಯನ್ನಾದರೂ ಅತಿಸೂಕ್ಷ್ಮವಾದ ಸಿಡಿತಗಳ ಸರಣಿಯೆಂದು ಭಾವಿಸಿ, ಒಂದೊಂದು ಸಿಡಿತಕ್ಕೂ ಅದರ ಬಲಕ್ಕೆ ತಕ್ಕಂತೆ ಈ ವೃತ್ತಾಂತವನ್ನು ಜೋಡಿಸಿ, ಎಲ್ಲವನ್ನೂ ಕೂಡಿಸುವ ಗಣಿತವೇ ಕನ್ವಲ್ಯೂಷನ್. ತತ್ತ್ವ ಸರಳ, ಪರಿಶ್ರಮ ಅಪಾರ. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸುವ ಕ್ರಮದಲ್ಲಿ, 3 ಸೆಕೆಂಡಿನ ರೆಸ್ಪಾನ್ಸಿನಲ್ಲಿ 1,44,000 ಮಾದರಿಗಳಿರುತ್ತವೆ. ನೇರವಾಗಿ ಲೆಕ್ಕಮಾಡಹೊರಟರೆ ಒಂದೇ ಒಂದು ಸೆಕೆಂಡಿನ ಹಾಡಿಗೆ ಸುಮಾರು 691 ಕೋಟಿ ಗುಣಾಕಾರಗಳು ಬೇಕು. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದ ಶೀಘ್ರ ಫೂರಿಯೆ ಪರಿವರ್ತನೆಯ ವಿಧಾನ ಈ ಹೊರೆಯನ್ನು ಬಹಳ ಮಟ್ಟಿಗೆ ಇಳಿಸಿತು; ರೆಸ್ಪಾನ್ಸನ್ನು ತುಂಡುತುಂಡಾಗಿ ವಿಭಜಿಸಿ, ಫಲಿತಾಂಶಕ್ಕಾಗಿ ಕಾಯದೆ ಲೆಕ್ಕಮಾಡುವ ಬಗೆಯನ್ನು ವಿಲಿಯಂ ಗಾರ್ಡ್‌ನರ್ 1995ರಲ್ಲಿ ವಿವರಿಸಿದನು; 1999ರಲ್ಲಿ ಸೋನಿ ಸಂಸ್ಥೆ ಈ ಕಾರ್ಯಕ್ಕೆಂದೇ ಪ್ರತ್ಯೇಕ ಯಂತ್ರವೊಂದನ್ನು ತಂದಿತು. ಬಲೂನಿಗೆ ಬದಲಾಗಿ ತಗ್ಗಿನಿಂದ ತಾರಕ್ಕೆ ಏರುವ ನಾದವನ್ನು ಸ್ಪೀಕರಿನಿಂದ ನುಡಿಸಿ ಅಳೆಯುವ ಕ್ರಮವನ್ನು 2000ದಲ್ಲಿ ಇಟಲಿಯ ಆಂಜೆಲೊ ಫರೀನಾ ಪರಿಷ್ಕರಿಸಿದ ಮೇಲೆ, ಸ್ಪೀಕರಿನ ವಿಕೃತಿಯನ್ನು ಕೂಡ ಅಳತೆಯಿಂದ ಬೇರ್ಪಡಿಸುವುದು ಸಾಧ್ಯವಾಯಿತು. ಇಂದು ರೀಪರ್‌ನಲ್ಲಿ ರಿಯಾವರ್ಬ್, ಲಾಜಿಕ್‌ನಲ್ಲಿ ಸ್ಪೇಸ್ ಡಿಸೈನರ್ ಎಂಬ ಹೆಸರುಗಳಿಂದ ಇದೇ ಸಾಧನ ಸಾಫ್ಟ್‌ವೇರಿನ ಅಂಗವಾಗಿಯೇ ಬರುತ್ತದೆ. ಇಷ್ಟು ನಿಷ್ಕೃಷ್ಟವಾದ ಕ್ರಮವನ್ನು ಸತ್ಯವೆಂದು ಜನ ಗೌರವಿಸಿದರೆ ಆಶ್ಚರ್ಯವಿಲ್ಲ.

ಆದರೆ ನಿಷ್ಕೃಷ್ಟವಾಗಿರುವುದು ಯಾವುದರ ವಿಷಯದಲ್ಲಿ ಎಂಬ ಪ್ರಶ್ನೆಯನ್ನು ಕೇಳಿಯೇ ತೀರಬೇಕು. ಇಂಪಲ್ಸ್ ರೆಸ್ಪಾನ್ಸನ್ನು ಸಭಾಂಗಣದ ಗುಣವೆಂಬಂತೆ ನಾವು ಮಾತನಾಡುತ್ತೇವೆ. ವಾಸ್ತವದಲ್ಲಿ ಅದು ಸಭಾಂಗಣದೊಳಗಿನ ಎರಡು ಬಿಂದುಗಳ, ಎಂದರೆ ಸದ್ದು ಹುಟ್ಟಿದ ಜಾಗಕ್ಕೂ ಅದನ್ನು ಕೇಳಿದ ಜಾಗಕ್ಕೂ ನಡುವಣ ಸಂಬಂಧ. ಇವುಗಳಲ್ಲಿ ಯಾವೊಂದನ್ನು ಸರಿಸಿದರೂ ದಾಖಲೆ ಬೇರೆಯಾಗುತ್ತದೆ. ಕನ್ನಡಿಗರಿಗೆ ಇದನ್ನು ತಿಳಿಯಲು ವಿಜಯಪುರದ ಗೋಲಗುಮ್ಮಟಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ, ಸುಮಾರು 38 ಮೀಟರು ದೂರದಲ್ಲಿ, ಕಿವಿಯ ಬಳಿಯಲ್ಲಿಯೇ ಆಡಿದಂತೆ ಕೇಳುತ್ತದೆ. ಅಲ್ಲಿಯೇ ತಟ್ಟಿದ ಚಪ್ಪಾಳೆ ಬಿಡಿಬಿಡಿಯಾದ ಪ್ರತಿಧ್ವನಿಗಳಾಗಿ ಹಲವು ಬಾರಿ ಮರಳುತ್ತದೆ. ಕೆಳಗೆ ಸಮಾಧಿಗಳ ಬಳಿ ನೆಲದ ಮೇಲೆ ನಿಂತವನ ಅನುಭವವಾದರೋ ಸಂಪೂರ್ಣವಾಗಿ ಬೇರೆ. ಕಟ್ಟಡ ಒಂದೇ, ಗುಮ್ಮಟ ಒಂದೇ; ಈ ಎರಡು ದಾಖಲೆಗಳಲ್ಲಿ ಗೋಲಗುಮ್ಮಟದ ಅನುರಣನವೆಂದು ಕರೆಯತಕ್ಕದ್ದು ಯಾವುದು? ಎರಡೂ ಅದರವೇ, ಎರಡೂ ಸೇರಿದರೂ ಅದು ಮುಗಿಯುವುದಿಲ್ಲ. ಸಾಮಾನ್ಯವಾದ ಸಭಾಂಗಣಗಳಲ್ಲಿ ಈ ಭೇದ ಇಷ್ಟು ಉಗ್ರವಾಗಿರುವುದಿಲ್ಲವಾದರೂ ಇದ್ದೇ ಇರುತ್ತದೆ, ಅದರಲ್ಲಿಯೂ ನಮ್ಮ ಕಿವಿ ಸ್ಥಳವನ್ನು ಗುರುತಿಸಲು ಅವಲಂಬಿಸುವ ಮೊದಲ ಕೆಲವು ಪ್ರತಿಫಲನಗಳಲ್ಲಿ. ಕಡತದ ಮೇಲೆ ಕಟ್ಟಡದ ಹೆಸರನ್ನು ಬರೆದ ಮಾತ್ರಕ್ಕೆ ಕಟ್ಟಡವೇ ಒಳಗೆ ಬಂದು ಕುಳಿತಂತಾಗುವುದಿಲ್ಲ.

ಬಿಂದುಗಳಂತೆಯೇ ಅವಸ್ಥೆಯನ್ನೂ ಗಮನಿಸಬೇಕು. ಅಳತೆ ನಡೆಯುವುದು ಬಹುಮಟ್ಟಿಗೆ ಬರಿದಾದ ಸಭಾಂಗಣದಲ್ಲಿ. ನೂರಾರು ಜನರನ್ನು ಕೂರಿಸಿ, ಉಸಿರಾಡದಿರಿ ಎಂದು ಹೇಳಿ ಅಳೆಯುವುದು ದುಸ್ಸಾಧ್ಯ. ಬರಿದಾದ ಸಭೆಯೂ ತುಂಬಿದ ಸಭೆಯೂ ಧ್ವನಿಯ ದೃಷ್ಟಿಯಿಂದ ಒಂದೇ ಅಲ್ಲವೆಂಬುದನ್ನು ವ್ಯಾಲೇಸ್ ಸ್ಯಾಬಿನ್ ಒಂದು ಶತಮಾನಕ್ಕೂ ಹಿಂದೆಯೇ ಸ್ಥಾಪಿಸಿದ್ದಾನೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಉಪನ್ಯಾಸ ಮಂದಿರದಲ್ಲಿ ಮಾತು ತಿಳಿಯದೆ ಕಲಸಿಹೋಗುವ ದೋಷಕ್ಕೆ ಪರಿಹಾರ ಹುಡುಕಬೇಕೆಂದು ಅವನನ್ನು ಕೇಳಿದಾಗ, ಅಲ್ಲಿ ಆಡಿದ ಮಾತು ಐದು ಸೆಕೆಂಡುಗಳಿಗೂ ಹೆಚ್ಚು ಕಾಲ ನಿಲ್ಲುತ್ತಿದ್ದಿತು. ಸ್ಯಾಂಡರ್ಸ್ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು, ಒಂದಿಷ್ಟೊಂದಿಷ್ಟಾಗಿ ಹಾಸುತ್ತ, ಅನುರಣನ ಹೇಗೆ ಕುಗ್ಗುವುದೆಂದು ಅವನು ಅಳೆದನು. ಅನುರಣನದ ಕಾಲ ಕೋಣೆಯ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಂತೆ ಕಡಮೆಯಾಗುತ್ತದೆ ಎಂಬ ನಿಯಮ ಆ ಶ್ರಮದಿಂದ ಲಭಿಸಿತು. ಬಟ್ಟೆಯುಟ್ಟು ಕುಳಿತ ಮನುಷ್ಯನು ಹಾಗೆ ಹೀರುವ ವಸ್ತುಗಳಲ್ಲಿ ಪ್ರಮುಖನು. ಆದುದರಿಂದ ಯಾವ ಕಛೇರಿಯ ವೈಭವವನ್ನು ನೆನೆದು ನಾವು ಕಡತವನ್ನು ಆರಿಸುತ್ತೇವೆಯೋ, ಆ ಕಛೇರಿಯಲ್ಲಿ ಕುಳಿತಿದ್ದ ಯಾರಿಗೂ ಕಡತದಲ್ಲಿರುವ ಅನುರಣನ ಕೇಳಿರಲಾರದು. ಇದರೊಡನೆ, ಅಳತೆಗೆ ಬಳಸಿದ ಸ್ಪೀಕರು ಒಂದು ದಿಕ್ಕಿಗೆ ಮುಖಮಾಡಿ ಧ್ವನಿಯನ್ನು ಚೆಲ್ಲುತ್ತದೆ. ಮೃದಂಗ ಎಡಕ್ಕೂ ಬಲಕ್ಕೂ ಎರಡು ಬೇರೆ ಬೇರೆ ನಾದಗಳನ್ನು ಎಸೆಯುತ್ತದೆ. ಗಾಯಕನು ಹಾಡುತ್ತ ತಲೆ ತಿರುಗಿಸುತ್ತಾನೆ. ಕನ್ವಲ್ಯೂಷನ್ನಿನ ಗಣಿತಕ್ಕಾದರೋ ಏನೂ ಚಲಿಸದ, ಏನೂ ಬದಲಾಗದ ಲೋಕವೊಂದೇ ಗೊತ್ತು.

ಇನ್ನೂ ಗಂಭೀರವಾದ ಆಕ್ಷೇಪ ಬೇರೊಂದುಂಟು. ಕನ್ವಲ್ಯೂಷನ್ನಿನ ಸಹಜತೆ ಅದು ನಿಜವಾದ ಸ್ಥಳದಿಂದ ಬಂದುದರ ಫಲವಾಗಿದ್ದರೆ, ಸ್ಥಳವೇ ಇಲ್ಲದ ರೆಸ್ಪಾನ್ಸು ಅಸಹಜವಾಗಿ ಕೇಳಬೇಕಷ್ಟೆ. ಜೇಮ್ಸ್ ಮೂರರ್ 1979ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಇದಕ್ಕೆ ವ್ಯತಿರಿಕ್ತವಾದುದನ್ನು ತಿಳಿಸುತ್ತದೆ: ಯಾವ ಕಟ್ಟಡದ ಸಂಬಂಧವೂ ಇಲ್ಲದ ಬರಿಯ ಶ್ವೇತಸದ್ದನ್ನು (ವೈಟ್ ನಾಯ್ಸ್) ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಅದು ಕ್ರಮವಾಗಿ ಕ್ಷೀಣಿಸುವಂತೆ ಮಾಡಿ, ಅದನ್ನೇ ರೆಸ್ಪಾನ್ಸಾಗಿ ಬಳಸಿದರೆ, ದೊರೆಯುವ ಅನುರಣನ ಸಭಾಂಗಣದ ಅನುರಣನವನ್ನು ಅಚ್ಚರಿಯೆನಿಸುವಷ್ಟು ಹೋಲುತ್ತದೆ. ಇತ್ತ 1957ರ ಇ.ಎಂ.ಟಿ. 140 ಎಂಬ ಯಂತ್ರದ ರೆಸ್ಪಾನ್ಸು ಇಂದು ಎಲ್ಲೆಲ್ಲೂ ಬಳಕೆಯಲ್ಲಿದೆ. ಅದು ಸುಮಾರು 2 ಮೀಟರು ಉದ್ದ, 1 ಮೀಟರು ಅಗಲದ ತೂಗುಹಾಕಿದ ಉಕ್ಕಿನ ತಗಡು, ಅದರಲ್ಲಿ ಯಾರೂ ಕುಳಿತು ಹಾಡಿದವರಿಲ್ಲ. ಆಲ್ಗಾರಿದಮಿಕ್ ಯಂತ್ರಗಳ ರೆಸ್ಪಾನ್ಸನ್ನು ಅಳೆದಿಟ್ಟ ಕಡತಗಳೂ ಇವೆ. ಅನುಕರಣವೆಂದು ಯಾವುದನ್ನು ತಳ್ಳಿಹಾಕಿದೆವೋ ಅದು ಈ ದಾರಿಯಲ್ಲಿ ಬಂದರೆ ಸತ್ಯವಾಗಿಬಿಡುವುದೆ? ಕನ್ವಲ್ಯೂಷನ್ ಎಂಬುದು ಒಂದು ಗುಣಾಕಾರ ಕ್ರಮ. ತನಗೆ ಕೊಟ್ಟುದನ್ನು ಅದು ನಿಷ್ಠೆಯಿಂದ ನೆರವೇರಿಸುತ್ತದೆ. ಕೊಟ್ಟುದು ಸಭಾಂಗಣವೋ ತಗಡೋ ಶ್ವೇತಸದ್ದೋ ಎಂಬುದನ್ನು ವಿಚಾರಿಸುವುದಿಲ್ಲ.

ಇದಕ್ಕೆ ಹೀಗೊಂದು ಸಮಾಧಾನ ಹೇಳಬಹುದು: ಛಾಯಾಚಿತ್ರವೂ ಒಂದು ಕಡೆಯಿಂದ, ಒಂದು ಹೊತ್ತಿನಲ್ಲಿ ತೆಗೆದುದೇ, ಅಷ್ಟರಿಂದ ಅದು ಸುಳ್ಳಾಗುವುದೆ? ಆಗುವುದಿಲ್ಲ. ಬರಿದಾದ ಸಭಾಂಗಣದಲ್ಲಿ ಬಲೂನೊಡೆದ ಸದ್ದಿನ ಛಾಯಾಚಿತ್ರವೆಂಬ ಅರ್ಥದಲ್ಲಿ ರೆಸ್ಪಾನ್ಸು ಯಥಾರ್ಥವೇ. ಆದರೆ ನಾವು ಮಾಡುವುದು ಆ ಚಿತ್ರವನ್ನು ನೋಡುವುದಲ್ಲ; ಬೇರೊಂದು ಕಡೆ, ಬೇರೊಂದು ಬೆಳಕಿನಲ್ಲಿ ತೆಗೆದ ಮನುಷ್ಯನ ಚಿತ್ರವನ್ನು ಅದರ ಮೇಲೆ ಅಂಟಿಸುವುದು. ಅಂಟು ಕಾಣದಂತಿರಬೇಕಾದರೆ ಕೌಶಲ ಬೇಕು. ಆ ಕೌಶಲವನ್ನು ಹಿನ್ನೆಲೆಯ ಚಿತ್ರದ ಯಾಥಾರ್ಥ್ಯ ಒದಗಿಸಲಾರದು. ಮತ್ತೊಬ್ಬರು, ಇಂಥ ಸೂಕ್ಷ್ಮಗಳು ಸಾಮಾನ್ಯ ಕೇಳುಗನ ಕಿವಿಗೆ ತಿಳಿಯುವುದೇ ಇಲ್ಲ ಎನ್ನಬಹುದು. ಹಾಗಾದರೆ ಕಿವಿಗೆ ತಿಳಿಯದ ಯಾಥಾರ್ಥ್ಯಕ್ಕಾಗಿ ಇಷ್ಟು ಕಡತಗಳನ್ನು ಸಂಗ್ರಹಿಸುವ ಶ್ರಮವಾದರೂ ಏಕೆ? ಸೂಕ್ಷ್ಮಗಳು ತಿಳಿಯುವುದಾದರೆ ಮೇಲಿನ ಆಕ್ಷೇಪಗಳು ನಿಲ್ಲುತ್ತವೆ. ತಿಳಿಯದಿದ್ದರೆ ಸತ್ಯವೆಂಬ ಹಿರಿಮೆ ನಿಲ್ಲುವುದಿಲ್ಲ.

ಈಗ ಅಳವಡಿಕೆಯ ವಿಷಯಕ್ಕೆ ಬರೋಣ. ಮತದ ತೊಡಕು ಕಾರ್ಯದಲ್ಲಿ ಹಾನಿಯನ್ನುಂಟುಮಾಡುವುದು ಅಲ್ಲಿಯೇ. ಎಲ್ಲಕ್ಕೂ ಮೊದಲು ಗಮನಿಸತಕ್ಕದ್ದು ಪ್ಲಗಿನ್ನಿಗೆ ಹೊರಗಣದು: ಹಾಡು ಮುದ್ರಿತವಾದ ಕೋಣೆಗೂ ಒಂದು ಅನುರಣನವುಂಟು, ಅದು ಮೈಕಿನೊಳಗೆ ಆಗಲೇ ಸೇರಿದೆ. ಒಂದರ ಮೇಲೊಂದರಂತೆ ಎರಡು ಕನ್ವಲ್ಯೂಷನ್ನುಗಳು ಕೂಡಿ ಒಂದೇ ಕನ್ವಲ್ಯೂಷನ್ನಾಗುತ್ತವೆ ಎಂಬುದು ಗಣಿತದ ನಿಯಮ. ಆದುದರಿಂದ ಸಭಾಂಗಣವನ್ನು ಸೇರಿಸಿದರೆ ಮಲಗುವ ಕೋಣೆ ಅಳಿಸಿಹೋಗುವುದಿಲ್ಲ, ಮಲಗುವ ಕೋಣೆಯೇ ಸಭಾಂಗಣದೊಳಗೆ ಹಾಡಿದಂತಾಗುತ್ತದೆ. ಎಂಥ ಉತ್ಕೃಷ್ಟ ಕಡತವನ್ನು ಹಾಕಿದರೂ ಡಬ್ಬಿಯೊಳಗಿನ ಧ್ವನಿಯಂತೆ ಕೇಳುತ್ತದೆಂದು ಕೊರಗುವವರು ಕಡತವನ್ನು ಬದಲಾಯಿಸುತ್ತಲೇ ಇರುತ್ತಾರೆ. ಗಾಯಕನ ಹಿಂದೆಯೂ ಪಕ್ಕದಲ್ಲಿಯೂ ಎರಡು ದಪ್ಪ ಕೌದಿಗಳನ್ನು ಇಳಿಬಿಟ್ಟು, ಮೈಕನ್ನು ಬಾಯಿಗೆ ಸಮೀಪಿಸಿದರೆ, ಯಾವ ಕಡತವೂ ಮಾಡಲಾರದ ಉಪಕಾರವಾಗುತ್ತದೆ.

ಪ್ಲಗಿನ್ನಿನ ಒಳಗಿನ ನಿರ್ಣಯಗಳಲ್ಲಿ ಮುಖ್ಯವಾದವು ಇವು.

1. ರಿವರ್ಬನ್ನು ಹಾಡಿನ ಟ್ರ್ಯಾಕಿನ ಮೇಲೆಯೇ ಇಡದೆ, ಬೇರೊಂದು ಟ್ರ್ಯಾಕಿನಲ್ಲಿಟ್ಟು, ಸೆಂಡಿನ ಮೂಲಕ ಧ್ವನಿಯನ್ನು ಅಲ್ಲಿಗೆ ಕಳುಹಿಸಿ, ಅಲ್ಲಿ ವೆಟ್ಟನ್ನು, ಎಂದರೆ ಅನುರಣನದ ಅಂಶವನ್ನು, ಪೂರ್ಣವಾಗಿಯೂ ಡ್ರೈಯನ್ನು, ಎಂದರೆ ಮೂಲಧ್ವನಿಯ ಅಂಶವನ್ನು, ಶೂನ್ಯವಾಗಿಯೂ ಇಡುವುದು ಉಚಿತ. ಆಗ ಕಡತದ ಆದಿಯಲ್ಲಿರುವ ನೇರಧ್ವನಿಯ ಅಂಶವನ್ನು ಕತ್ತರಿಸಬೇಕು. ಬಿಟ್ಟರೆ ಮೂಲಕಂಠಕ್ಕೆ ಅದರದೇ ಇನ್ನೊಂದು ಪ್ರತಿ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಕೂಡಿಕೊಂಡು, ಕೆಲವು ಸ್ವರಾಂಶಗಳು ಒಂದನ್ನೊಂದು ಅಳಿಸಿ, ಧ್ವನಿ ಟೊಳ್ಳಾಗುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗುರುತಿಸಬೇಕು: ಗಾಯಕನು ಎಷ್ಟು ದೂರದಲ್ಲಿದ್ದಾನೆಂಬುದನ್ನು ಕಿವಿ ಮುಖ್ಯವಾಗಿ ತಿಳಿಯುವುದು ನೇರಧ್ವನಿಗೂ ಅನುರಣನಕ್ಕೂ ಇರುವ ಪ್ರಮಾಣದಿಂದ, ನೇರಧ್ವನಿಯನ್ನು ಕತ್ತರಿಸಿ, ಪ್ರಮಾಣವನ್ನು ಫೇಡರಿನಿಂದ ನಿಶ್ಚಯಿಸಿದ ಕ್ಷಣದಲ್ಲಿಯೇ, ಅಳೆದು ತಂದ ಸ್ಥಳದ ಅತಿ ಮುಖ್ಯವಾದ ಸತ್ಯವನ್ನು ನಾವು ನಮ್ಮ ಕೈಯಿಂದ ತೆಗೆದು ನಮ್ಮ ಇಚ್ಛೆಯನ್ನು ಅಲ್ಲಿ ಸ್ಥಾಪಿಸಿರುತ್ತೇವೆ. ಇದು ತಪ್ಪಲ್ಲ, ಅನಿವಾರ್ಯ. ಆದರೆ ಇದನ್ನು ಮಾಡಿದ ಮೇಲೂ ಯಾಥಾರ್ಥ್ಯದ ಮಾತನ್ನಾಡುವುದು ಯುಕ್ತವಲ್ಲ.

2. ಪ್ರೀ-ಡಿಲೇ ಎಂಬ ವಿಳಂಬ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ, 20 ಮಿಲಿಸೆಕೆಂಡಿನ ವಿಳಂಬವೆಂದರೆ ಪ್ರತಿಫಲಿಸಿದ ಧ್ವನಿ ನೇರಧ್ವನಿಗಿಂತ ಸುಮಾರು 7 ಮೀಟರು ಹೆಚ್ಚು ನಡೆದು ಬಂದಂತೆ. ವ್ಯಂಜನಗಳು ಹುಟ್ಟಿ ಮುಗಿಯುವ ಈ ಅಲ್ಪ ಅವಕಾಶವನ್ನು ಬರಿದಾಗಿ ಬಿಟ್ಟರೆ ಭಾವಗೀತೆಯ ಒತ್ತಕ್ಷರಗಳೂ ಮಹಾಪ್ರಾಣಗಳೂ ತಿಳಿಯಾಗಿ ಕೇಳುತ್ತವೆ.

3. ಅನುರಣನಕ್ಕೆ ಕಳುಹಿಸುವ ಧ್ವನಿಯಲ್ಲಿ ತಗ್ಗಿನ ಕಂಪನಗಳನ್ನು ತಗ್ಗಿಸುವುದು. ತಂಬೂರಿಯ ಮಂದ್ರವೂ ಮೃದಂಗದ ಎಡದ ತೊಪ್ಪಿಯೂ ಅನುರಣನದಲ್ಲಿ ಸೇರಿದರೆ ತಳದಲ್ಲಿ ಗುಂಯ್ಗುಡುವಿಕೆ ನಿಂತು ಉಳಿದೆಲ್ಲವನ್ನೂ ಮುಸುಕುತ್ತದೆ.

ಈ ಮೂರಕ್ಕಿಂತ ಗಹನವಾದುದು ಅನುರಣನದ ಕಾಲದ ಪ್ರಶ್ನೆ. ದೊಡ್ಡ ಸಭಾಂಗಣ ದೊಡ್ಡ ಸಂಗೀತವನ್ನು ಕೊಡುತ್ತದೆಂಬ ನಂಬಿಕೆ ಅತ್ಯಂತ ಹಾನಿಕರವಾಗುವುದು ಇಲ್ಲಿ. ಧ್ವನಿ 60 ಡೆಸಿಬೆಲ್ ಕ್ಷೀಣಿಸಲು ತೆಗೆದುಕೊಳ್ಳುವ ಅವಧಿಯನ್ನು ಅನುರಣನದ ಕಾಲವೆಂದು ಎಣಿಸುತ್ತಾರೆ. 2 ಸೆಕೆಂಡು ಅನುರಣನವಿರುವ ಸಭಾಂಗಣದಲ್ಲಿ, ಸೆಕೆಂಡಿಗೆ ಎಂಟು ಪೆಟ್ಟುಗಳಂತೆ ಮೃದಂಗ ನುಡಿಯುತ್ತಿದೆಯೆಂದಿಟ್ಟುಕೊಳ್ಳೋಣ; ಒಂದು ಪೆಟ್ಟಿನ ಅನುರಣನ ಮುಂದಿನ ಪೆಟ್ಟು ಬೀಳುವ ಹೊತ್ತಿಗೆ 4 ಡೆಸಿಬೆಲ್ ಕೂಡ ಇಳಿದಿರುವುದಿಲ್ಲ. ಒಂದು ಅಕ್ಷರಕ್ಕೆ 2 ಸೆಕೆಂಡು ನಿಲ್ಲುವ ವಿಳಂಬಗತಿಯ ಆಲಾಪನೆಯಲ್ಲಿ ಅದೇ ಅನುರಣನ ಪೂರ್ತಿಯಾಗಿ ಅಡಗಿ ದಾರಿ ಬಿಡುತ್ತದೆ. ಆದುದರಿಂದ ಕಾಲವನ್ನು ನಿರ್ಣಯಿಸುವ ಅಧಿಕಾರ ಲಯಕ್ಕೆ ಸೇರಿದ್ದು, ಕಟ್ಟಡದ ಕೀರ್ತಿಗೆ ಸೇರಿದ್ದಲ್ಲ. ರಾಗಸಂಗೀತದಲ್ಲಿ ಇನ್ನೂ ಒಂದು ವಿಶೇಷವುಂಟು. ಕನ್ವಲ್ಯೂಷನ್ನಿನ ನಾದಶೇಷದಲ್ಲಿ ಪ್ರತಿಯೊಂದು ಸ್ವರವೂ ತಾನು ಹುಟ್ಟಿದ ಸ್ಥಾನದಲ್ಲಿಯೇ ಉಳಿಯುತ್ತದೆ. ಗಾಯಕನ ಕಂಠ ಜಾರಿ ಮುಂದೆ ಹೋದರೂ ಅದು ಹಿಂದೆ ನಿಂತಿರುತ್ತದೆ. ಯುರೋಪಿನ ಚರ್ಚುಗಳ ಗಾಯನದಲ್ಲಿ ನಿಡಿದಾದ ಸ್ವರಗಳು ಒಂದರೊಡನೊಂದು ಬೆರೆಯುವುದು ಸೊಗಸೇ ಆಗಬಹುದು. ನಮ್ಮ ಗಮಕದಲ್ಲಿ ಕಂಠವು ಮುಟ್ಟಿ ಬಿಟ್ಟ ಸ್ಥಾನ ಅಳಿಯಬೇಕು. ಅಳಿದರೆ ತಾನೆ ಜಾರು ಜಾರಾಗಿ ತಿಳಿಯುವುದು, ಕಂಪಿತದ ಎರಡು ತುದಿಗಳ ನಡುವೆ ರಾಗದ ಮುಖ ಕಾಣುವುದು. ತೋಡಿಯ ಗಾಂಧಾರವನ್ನು ದೀರ್ಘವಾದ ಅನುರಣನದಲ್ಲಿ ಅದ್ದಿದರೆ, ತೂಗಾಟದಲ್ಲಿ ಹಾದುಹೋದ ಸ್ಥಾನಗಳೆಲ್ಲ ಏಕಕಾಲದಲ್ಲಿ ಕೇಳತೊಡಗಿ, ಸ್ವರವು ರೂಪಗೆಟ್ಟ ಮಬ್ಬಾಗುತ್ತದೆ. ಮನೆಯಲ್ಲಿ ಮುದ್ರಿಸುವ ಗಾಯಕರಿಗೆ ನನ್ನ ಸ್ಪಷ್ಟವಾದ ಅಭಿಪ್ರಾಯವಿದು: ಅತಿದೊಡ್ಡ ಚರ್ಚಿನ ಕಡತವನ್ನು ಬಿಟ್ಟು, ಒಂದು ಸೆಕೆಂಡಿಗೆ ಹೆಚ್ಚು ಮೀರದ, ಮರದ ನೆಲದ ಸಣ್ಣ ಹಜಾರದ ಕಡತವನ್ನು ಆಯ್ದುಕೊಳ್ಳಿ, ದೀರ್ಘವಾದುದೇ ಬೇಕಾದರೆ ಆಲಾಪನೆಗೆ ಮಾತ್ರ ಅದನ್ನು ಕಳುಹಿಸಿ, ಪಲ್ಲವಿ ಬಂದೊಡನೆ ಸೆಂಡನ್ನು ಇಳಿಸಿ.

ಎಲ್ಲವೂ ಹೀಗೆ ನಮ್ಮ ಆಯ್ಕೆಯೇ ಆದರೆ ಕನ್ವಲ್ಯೂಷನ್ ಏತಕ್ಕೆ, ಆಲ್ಗಾರಿದಮಿಕ್ ರಿವರ್ಬೇ ಸಾಲದೆ, ಎಂಬ ಪ್ರಶ್ನೆ ನ್ಯಾಯವಾದುದು. ಬಹಳ ಸಂದರ್ಭಗಳಲ್ಲಿ ಸಾಕು. ಆದರೆ ಒಂದು ನಿಜವಾದ ಕೋಣೆಯ ಆದಿಪ್ರತಿಫಲನಗಳ ಕ್ರಮ, ಯಾವ ಕಂಬದಿಂದ ಎಷ್ಟು ಹೊತ್ತಿಗೆ ಯಾವ ಬಣ್ಣದ ಧ್ವನಿ ಮರಳಿತೆಂಬ ವಿವರ, ಲೆಕ್ಕದಿಂದ ಕಟ್ಟಿದ ವಿಳಂಬಗಳಿಗೆ ಸುಲಭವಾಗಿ ದಕ್ಕುವಂಥದಲ್ಲ. ಅದು ಅಳತೆಯಿಂದಲೇ ಬರಬೇಕು. ಹಾಗೂ ಸ್ಥಳವೇ ವಿಷಯವಾದಾಗ ಕನ್ವಲ್ಯೂಷನ್ನಿಗೆ ಬದಲಿಯಿಲ್ಲ. ಇದಕ್ಕೆ ಶ್ರೇಷ್ಠವಾದ ಉದಾಹರಣೆ ಇಸ್ತಾನ್‌ಬುಲ್ ನಗರದ ಹಾಗಿಯಾ ಸೋಫಿಯಾ. ಅದು ವಸ್ತುಸಂಗ್ರಹಾಲಯವಾಗಿ, ಒಳಗೆ ಹಾಡುವುದು ನಿಷಿದ್ಧವಾಗಿದ್ದ ಕಾಲದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸ್ಸೆರಾ ಪೆಂಚೇವಾ, ಜೊನಾಥನ್ ಏಬೆಲ್ ಎಂಬ ವಿದ್ವಾಂಸರ ಯೋಜನೆಗಾಗಿ 2010ರಲ್ಲಿ ಅಲ್ಲಿ ಬಲೂನುಗಳನ್ನು ಒಡೆದು, ಸುಮಾರು 11 ಸೆಕೆಂಡು ನಿಲ್ಲುವ ಅನುರಣನವನ್ನು ದಾಖಲಿಸಲಾಯಿತು; ಆ ದಾಖಲೆಯಿಂದ ಪಡೆದ ರೆಸ್ಪಾನ್ಸಿನೊಡನೆ ಕಾಪೆಲ್ಲಾ ರೊಮಾನಾ ಎಂಬ ಗಾಯಕವೃಂದ ಬೈಜಾಂಟಿಯಂ ಕಾಲದ ಸ್ತೋತ್ರಗಳನ್ನು ಹಾಡಿ 2019ರಲ್ಲಿ ಪ್ರಕಟಿಸಿತು. ನಮ್ಮ ವಾದಕ್ಕೆ ಇಲ್ಲಿ ಮುಖ್ಯವಾದುದು ಅನುರಣನವನ್ನು ಕೂಡಿಸಿದ ಹೊತ್ತು. ಮುದ್ರಣ ಮುಗಿದ ಮೇಲೆ ಲೇಪವನ್ನು ಹಚ್ಚಿದಂತೆ ಅದನ್ನು ಹಚ್ಚಲಿಲ್ಲ. ಗಾಯಕರು ಹಾಡುತ್ತಿರುವಾಗಲೇ ಅವರ ಧ್ವನಿ ಆ ಅನುರಣನದೊಡನೆ ಅವರ ಕಿವಿಗೆ ಮರಳುವಂತೆ ಏರ್ಪಡಿಸಲಾಯಿತು. ಹನ್ನೊಂದು ಸೆಕೆಂಡು ನಿಲ್ಲುವ ನಾದವನ್ನು ಕೇಳುತ್ತ ಹಾಡುವವನು ಗತಿಯನ್ನು ನಿಧಾನಿಸುತ್ತಾನೆ, ಉಸಿರಿನ ತಾಣಗಳನ್ನು ಬದಲಿಸುತ್ತಾನೆ, ಕಟ್ಟಡಕ್ಕೆ ಶ್ರುತಿಗೂಡಿಸಿಕೊಳ್ಳುತ್ತಾನೆ. ಸಭಾಂಗಣದಲ್ಲಿ ಹಾಡುವುದೆಂದರೆ ಸಭಾಂಗಣಕ್ಕೆ ಉತ್ತರ ಕೊಡುತ್ತ ಹಾಡುವುದು. ಆ ಉತ್ತರವಿಲ್ಲದ ಕಂಠಕ್ಕೆ ಆಮೇಲೆ ಎಂಥ ರೆಸ್ಪಾನ್ಸನ್ನು ಹೊದಿಸಿದರೂ ಅದು ಆ ಸ್ಥಳದಲ್ಲಿ ಹಾಡಿದಂತಾಗದಿರುವುದು ಈ ಕಾರಣದಿಂದ.

ಇದನ್ನು ಮನೆಯಲ್ಲಿ ಸಾಧಿಸುವುದು ಕಷ್ಟವೆಂದು ಹೇಳುವವರು ಕಂಪ್ಯೂಟರಿನ ವಿಳಂಬವನ್ನು ಮುಂದಿಡುತ್ತಾರೆ: ಬಫರು 1,024 ಮಾದರಿಗಳಷ್ಟಿದ್ದರೆ ಅದೊಂದರಿಂದಲೇ 21 ಮಿಲಿಸೆಕೆಂಡು ತಡವಾಗುತ್ತದೆ, ತನ್ನ ಕಂಠ ತನಗೇ ಅಷ್ಟು ತಡವಾಗಿ ಕೇಳಿದರೆ ಗಾಯಕನು ತಡವರಿಸುತ್ತಾನೆ, ಎಂದು. ಮಾತು ನಿಜ, ಆದರೆ ಅದು ನೇರಧ್ವನಿಗೆ ಮಾತ್ರ ಅನ್ವಯಿಸುತ್ತದೆ. ಆಡಿಯೋ ಇಂಟರ್‌ಫೇಸಿನಲ್ಲಿ ನೇರಧ್ವನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರಿಂಗ್ ಎಂಬ ಸೌಕರ್ಯವಿರುತ್ತದೆ. ಅದನ್ನು ತೆರೆದು, ಸಾಫ್ಟ್‌ವೇರಿನಿಂದ ಪೂರ್ಣ ವೆಟ್ಟಾದ ಅನುರಣನವನ್ನು ಮಾತ್ರ ಬರಮಾಡಿಕೊಂಡರೆ, ಆ 21 ಮಿಲಿಸೆಕೆಂಡು ಬರಿಯ ಪ್ರೀ-ಡಿಲೇ ಆಗಿ ಪರಿಣಮಿಸುತ್ತದೆ. ಗೋಡೆ ಮೂರೂವರೆ ಮೀಟರು ಹಿಂದೆ ಸರಿದಂತಾಗುವುದಲ್ಲದೆ ಬೇರೆ ತೊಂದರೆಯಿಲ್ಲ. ಟ್ರ್ಯಾಕಿನಲ್ಲಿ ಮುದ್ರಿತವಾಗುವುದು ಆಗಲೂ ಒಣ ಕಂಠವೇ. ಮಿಶ್ರಣದ ಹೊತ್ತಿನಲ್ಲಿ ಅದೇ ಕಡತವನ್ನು, ಹೆಡ್‌ಫೋನಿನಲ್ಲಿದ್ದಷ್ಟೇ ವಿಳಂಬದೊಡನೆ ಮತ್ತೆ ಕೂಡಿಸಿದರೆ, ಗಾಯಕನು ಎಲ್ಲಿ ಕಾದನೋ ಅಲ್ಲಿ ಏತಕ್ಕಾಗಿ ಕಾದನೆಂಬುದು ಕೇಳುಗನಿಗೂ ಕೇಳುತ್ತದೆ.